ಚಾವಿ ಗಾಡಿಯಲ್ಲೇ ಇದೆ, ಕಾಕಾ

ನಮ್ಮ ಬೇಲಿಯಾಚೆಯ ಕಾಕಾರ ಬೈಕಿಗೆ ಹ್ಯಾಂಡಲ್ ಲಾಕ್ ಎಂಬುದು ಶೋರೂಮಿನವರು ಪುಕ್ಕಟೆ ಕೊಟ್ಟ ಅಲಂಕಾರ. ಚಾವಿ ಹಗಲೂ ರಾತ್ರಿ ಗಾಡಿಯಲ್ಲೇ. "ಯಾರರ ಹೊಡಕೊಂಡು ಹೋಗ್ತಾರ್ರೀ ಕಾಕಾ" ಎಂದರೆ ಬೇಲಿಯ ಗೂಟಕ್ಕೆ ಮೊಣಕೈ ಊರಿ ನಮ್ಮೂರು ಕುಳಗಿಯ ಭೂಗೋಳ ಶುರು ಮಾಡುತ್ತಾರೆ.

"ಎಲ್ಲಿಗೆ ಹೋಗ್ತಾನಪಾ ಅಂವಾ? ಈ ಕಡೆ ದಾಂಡೇಲಿ, ಆ ಕಡೆ ಅಂಬಿಕಾನಗರ, ನಡುವ ಅಡವಿ. ಹುಲಿಗೆ ಬೈಕ್ ಹೊಡ್ಯಾಕ ಬರೂದಿಲ್ಲ."

ಹುಲಿಗೆ ಬರುವುದಿಲ್ಲ, ಒಪ್ಪಿದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮೇಲೆ ಅಂಥ ಆರೋಪ ಇದುವರೆಗೆ ಯಾರೂ ಹೊರಿಸಿಲ್ಲ. ಆದರೆ ಕಾಕಾ ನಾಷ್ಟಾ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುವುದರೊಳಗೆ ಗಾಡಿ ಹಳಿಯಾಳ ದಾಟಿ ಧಾರವಾಡದ ದಾರಿ ಹಿಡಿದಿರುತ್ತದೆ. ಆಮೇಲೆ ಯಾವುದೋ ಊರಿನ ಗುಜರಿಯಲ್ಲಿ ಟ್ಯಾಂಕು ಒಬ್ಬರಿಗೆ, ಗಾಲಿ ಇನ್ನೊಬ್ಬರಿಗೆ.

ಆ ಚಾವಿಯನ್ನಾದರೂ ನೋಡಬೇಕು. ಹಲ್ಲೆಲ್ಲ ಸವೆದು ನುಣ್ಣಗಾಗಿದೆ. ಎಂಜಿನ್ ಓಡುತ್ತಿರುವಾಗಲೇ ಕಿತ್ತು ಕೈಗೆ ಬರುತ್ತದೆ. ನನ್ನ ಸ್ಕೂಟರಿನ ಚಾವಿ ಹಾಕಿದರೂ ಸ್ವಿಚ್ಚು ತಿರುಗಿತು. "ನೋಡಿದ್ಯಾ, ಅಡಚಣಿಗೆ ಎಷ್ಟು ಛಲೋ" ಎಂದರು ಕಾಕಾ.

ಪ್ರವಾಸಿಗರದು ಬೇರೆಯೇ ವರಸೆ. ಗಣೇಶಗುಡಿಯಲ್ಲಿ ರಾಫ್ಟಿಂಗಿಗೆ ಇಳಿಯುವವರು ಚಾವಿ ನೀರುಪಾಲಾದೀತೆಂದು ಟಾಯರಿನ ಮೇಲಿಟ್ಟು, ಅತ್ತಿತ್ತ ನೋಡಿ, ಏನೂ ಗೊತ್ತಿಲ್ಲದವರಂತೆ ನಡೆಯುತ್ತಾರೆ. ಕಳ್ಳ ಮೊದಲು ಕೈಹಾಕುವುದೇ ಅಲ್ಲಿ. ರಸ್ತೆಯಲ್ಲಿ ಮಂಗಟ್ಟೆ ಕಂಡಿತೋ, ಎಂಜಿನ್ ಚಾಲೂ, ನಾಲ್ಕೂ ಬಾಗಿಲು ತೆರೆದು, ಮನೆಮಂದಿಯೆಲ್ಲ ಮರದ ಕೆಳಗೆ ಕತ್ತೆತ್ತಿ ನಿಂತಿರುತ್ತಾರೆ.

"ಹೋದ್ರ ಇನ್ಶೂರೆನ್ಸ್ ಕೊಡ್ತಾರಲ್ಲ" ಅನ್ನುವುದು ಕಾಕಾರ ಕೊನೆಯ ಅಸ್ತ್ರ. ಅದಕ್ಕೆ ನಾನು ಲಾರಿಯೊಂದರ ಕತೆ ಹೇಳಿದೆ. ಡ್ರೈವರ್ ದಾರಿ ಕೇಳಲು ಕೆಳಗಿಳಿದ, ಚಾವಿ ಲಾರಿಯಲ್ಲೇ ಬಿಟ್ಟ, ಲಾರಿ ಮಾಯ. ವಿಮಾ ಕಂಪನಿ ಕೈಯೆತ್ತಿತು. ಸುಪ್ರೀಂ ಕೋರ್ಟಿನವರೆಗೆ ಹೋಗಿ 2023ರಲ್ಲಿ ಮಾಲೀಕನಿಗೆ ದಕ್ಕಿದ್ದು ಪರಿಹಾರದ ಶೇಕಡಾ 75. ಅಷ್ಟು ವರ್ಷ ಕೋರ್ಟು ಅಲೆಯುವ ಕಾಲು ಕಾಕಾರಿಗಿಲ್ಲ. ಅದೂ ಅಲ್ಲದೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಕಳುವಿಗೆ ಬಿಡಿಗಾಸೂ ಇಲ್ಲ. ಪೂರ್ತಿ ವಿಮೆ ಇದ್ದರೂ ಐದನೇ ವರ್ಷಕ್ಕೆ ಬೆಲೆ ಅರ್ಧಕ್ಕಿಳಿದಿರುತ್ತದೆ. ಜೊತೆಗೆ ಎರಡೂ ಚಾವಿ ತಂದುಕೊಡಿ ಅನ್ನುತ್ತಾರೆ.

ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಕಾಕು ಅಲ್ಲಿಂದಲೇ ಕೇಳಿದರು: "ಎರಡನೇ ಚಾವಿ ಎಲ್ಲಿ ಐತ್ರೀ?"

ಕಾಕಾ ಉತ್ತರ ಕೊಡಲಿಲ್ಲ. ಹೋಗಿ ಬೈಕಿನ ಡಿಕ್ಕಿ ತಡಕಿದರು. ಅಲ್ಲಿ ಆರ್‌ಸಿ, ವಿಮೆ ಕಾಗದ, ದಾರಕ್ಕೆ ಕಟ್ಟಿದ ಆ ಎರಡನೇ ಚಾವಿ, ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ! ಕಳ್ಳನಿಗೆ ಕುಂಕುಮ ಹಚ್ಚಿ ಕೊಡುವುದೊಂದು ಬಾಕಿ.

ಕಾಗದಗಳು ಡಿಜಿಲಾಕರಿನಲ್ಲಿದ್ದರೆ ಪೊಲೀಸರು ಒಪ್ಪುತ್ತಾರೆ. ಮೂಲ ಪ್ರತಿ ಮನೆಯ ಟ್ರಂಕಿನಲ್ಲಿರಲಿ. ಪೇಟೆಗೆ ಹೋದರೆ ಹ್ಯಾಂಡಲ್ ಲಾಕ್ ಜೊತೆಗೆ ಗಾಲಿಗೊಂದು ಸರಪಳಿ ಬಿಗಿಯಿರಿ. ಚಾವಿಯ ಹಲ್ಲು ಸವೆದಿದ್ದರೆ ಲಾಕ್ ಸೆಟ್ಟನ್ನೇ ಬದಲಿಸಿ. ಅಷ್ಟಾಗಿಯೂ ಗಾಡಿ ಹೋದರೆ ತಕ್ಷಣ 112ಕ್ಕೆ ಫೋನ್ ಮಾಡಿ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ಕಳುವು ಜೋಯಿಡಾದಲ್ಲಾದರೂ ದೂರನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. 'ನಾಳೆ ನೋಡೂಣು' ಅಂದರೆ ವಿಮೆಯವರಿಗೆ ನೆಪ ಸಿಕ್ಕಂತೆ. ನೀವೂ ಈಗೊಮ್ಮೆ ಎದ್ದು ನಿಮ್ಮ ಎರಡನೇ ಚಾವಿ ಎಲ್ಲಿದೆ ನೋಡಿ ಬನ್ನಿ.