ಕರಕವಚ ಮೀಮಾಂಸೆ: ಕ್ರೋಶಾ ಕೈಗವಸು ಕೈಗೆ ಕೂರದಿರುವುದರ ಶಾಸ್ತ್ರೀಯ ವಿಚಾರ

ವಿಷಯ: ಕ್ರೋಶಾ ಕಡ್ಡಿಯಿಂದ ಹೆಣೆದ ಉಲ್ಲನ್ ಕೈಗವಸು. ಸಂಶಯ: ಅದು ಕೈಗೆ ಕೂರುವುದೋ, ನೇತಾಡುವುದೋ? ಡಿಸೆಂಬರಿನ ಬೆಳಗ್ಗೆ ಮಡಿಕೇರಿಯಲ್ಲಿ ಸ್ಕೂಟರ್ ಹತ್ತುವವರಿಗೆ ಈ ಸಂಶಯ ಬರೀ ತಾತ್ವಿಕವಲ್ಲವಾದ್ದರಿಂದ ವಿಚಾರ ಅಗತ್ಯ.

ಪೂರ್ವಪಕ್ಷದಲ್ಲಿ ಮೂರು ಪಂಥಗಳಿವೆ. ಕಣ್ಣಳತೆವಾದಿಗಳಿಗೆ ಟೇಪು ಹಿಡಿಯುವುದು ದರ್ಜಿಯ ಕೆಲಸ. ಉದಾರವಾದಿಗಳು ಅಂಗೈ ಸುತ್ತಳತೆ 18 ಸೆಂ.ಮೀ. ಇದ್ದರೆ 'ಇರಲಿ, ಸ್ವಲ್ಪ ಹೆಚ್ಚೇ ಇರಲಿ' ಎಂದು 20ಕ್ಕೆ ಹೆಣೆಯುತ್ತಾರೆ. ಇದು ಮಕ್ಕಳಿಗೆ ಯೂನಿಫಾರಂ ಹೊಲಿಸಿದ ಕಾಲದ ಸಂಸ್ಕಾರ. ಐವತ್ತರ ಯಜಮಾನರ ಕೈ ಇನ್ನು ಬೆಳೆಯದೆಂಬುದು ಅವರ ಗಮನಕ್ಕೆ ಬಂದಂತಿಲ್ಲ. ಮೂರನೆಯದು 'ಒಗೆದರೆ ಸರಿಹೋಗುತ್ತೆ ಬಿಡಿ' ಪಂಥ. ಅಂಗಡಿಯವರು ಉಲ್ಲನ್ ಎಂದು ಕೊಡುವುದು ಎಷ್ಟೋ ಸಲ ಅಕ್ರಿಲಿಕ್. ಅದು ಉಣ್ಣೆಯ ಹಾಗೆ ಕುಗ್ಗುವ ಜಾತಿಯಲ್ಲ. ಈ ಪಂಥ ಖಂಡನೆಗೂ ಅರ್ಹವಲ್ಲ.

ಸಿದ್ಧಾಂತ: ಗವಸು ಕೈಗಿಂತ ಚಿಕ್ಕದಿರತಕ್ಕದ್ದು. ಹೆಬ್ಬೆರಳನ್ನು ಬಿಟ್ಟು ಅಂಗೈಯ ಅಗಲವಾದ ಕಡೆ ಅಳೆದು, ಹತ್ತರಲ್ಲೊಂದು ಪಾಲು ಕಳೆಯಬೇಕು. 18 ಇದ್ದರೆ ಸುಮಾರು 16. ಮಾದರಿ ತುಂಡಿನಲ್ಲಿ 10 ಸೆಂ.ಮೀ.ಗೆ 20 ಕುಣಿಕೆ ಬಂದರೆ, ಗವಸಿನ ಸುತ್ತಿಗೆ 32.

ಇಲ್ಲೊಂದು ಆಕ್ಷೇಪ ಏಳುತ್ತದೆ: ಎರಡು ಕಡ್ಡಿಯ ನಿಟಿಂಗಿನಷ್ಟು ಕ್ರೋಶಾ ಹಿಗ್ಗುವುದಿಲ್ಲ, ಹಾಗಿರುವಾಗ ಕೈ ಒಳಗೆ ಹೋಗುವುದು ಹೇಗೆ? ಸಮಾಧಾನ: ಪ್ರತಿ ಕುಣಿಕೆಯ ತಲೆಯಲ್ಲಿ ಎರಡು ಎಳೆಗಳಿರುತ್ತವೆ. ಹಿಂದಿನ ಎಳೆಗೆ ಮಾತ್ರ ಕಡ್ಡಿ ಹಾಕುತ್ತ ಸಾಲಿನ ಹಿಂದೆ ಸಾಲಾಗಿ ಒಂದು ಪಟ್ಟಿ ಹೆಣೆದರೆ ಅದರ ಮೇಲೆ ಉಬ್ಬು ಗೆರೆಗಳು ಏಳುತ್ತವೆ. ಆ ಗೆರೆಗಳು ಬೆರಳಿನತ್ತ ಮುಖ ಮಾಡುವಂತೆ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿ ಜೋಡಿಸಬೇಕು. ಎಳೆದಾಗ ಹಿಗ್ಗುತ್ತದೆ, ಬಿಟ್ಟಾಗ ಕಚ್ಚಿಕೊಳ್ಳುತ್ತದೆ.

ಪಾಠಭೇದದ ಬಗ್ಗೆ ಎಚ್ಚರ: ಅಮೆರಿಕನ್ ಶಾಖೆ ಸಿಂಗಲ್ ಕ್ರೋಶೆ ಎನ್ನುವ ಕುಣಿಕೆಯೇ ಬ್ರಿಟಿಷ್ ಶಾಖೆಯ ಡಬಲ್ ಕ್ರೋಶೆ. ಯಾವ ಶಾಖೆಯ ಪುಸ್ತಕವೆಂದು ನೋಡದೆ ಕೂತವರ ಗವಸು ಮೊಣಕೈ ಕಡೆಗೆ ಪ್ರಯಾಣ ಬೆಳೆಸುತ್ತದೆ.

ಹೆಬ್ಬೆರಳಿನ ಅಧಿಕರಣ ಎಲ್ಲಕ್ಕಿಂತ ಕ್ಲಿಷ್ಟ. ಗವಸಿನ ಪಕ್ಕದಲ್ಲಿ ತೂತು ಬಿಟ್ಟರೆ ಹೆಬ್ಬೆರಳು ಬಂತೆಂದು ತಿಳಿಯುವವರುಂಟು. ಆದರೆ ಹೆಬ್ಬೆರಳಿನ ಬುಡ ಮಣಿಕಟ್ಟಿನಿಂದಲೇ ದಪ್ಪವಾಗುತ್ತ ಬರುತ್ತದೆ. ಆದ್ದರಿಂದ ಮಣಿಕಟ್ಟು ದಾಟಿದೊಡನೆ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎರಡೆರಡು ಕುಣಿಕೆ ಹೆಚ್ಚಿಸುತ್ತ, ಹೆಬ್ಬೆರಳು ಕವಲೊಡೆಯುವಲ್ಲಿಗೆ ತ್ರಿಕೋನವೊಂದನ್ನು ಬೆಳೆಸಬೇಕು. ಏಕಲವ್ಯನ ಬಲಗೈಗೆ ಹೆಣೆಯುವವರು ಮಾತ್ರ ಈ ಭಾಗವನ್ನು ಬಿಡಬಹುದು.

ಇನ್ನು ಗ್ಲೌಸೋ ಮಿಟನ್ನೋ ಎಂಬ ವಾದ. ಮಿಟನ್ನಿನಲ್ಲಿ ನಾಲ್ಕು ಬೆರಳುಗಳೂ ಅವಿಭಕ್ತ ಕುಟುಂಬದಂತೆ ಶಾಖ ಹಂಚಿಕೊಂಡು ಬೆಚ್ಚಗಿರುತ್ತವೆ. ಗ್ಲೌಸಿನಲ್ಲಿ ಪಾಲಾಗಿ, ಸ್ವತಂತ್ರವಾಗಿ ನಡುಗುತ್ತವೆ. ಮೊಬೈಲ್ ಒತ್ತಲು ಮಾತ್ರ ಎರಡೂ ನಿಷ್ಪ್ರಯೋಜಕ.

ಫಲಶ್ರುತಿ: ಒಂದು ಗವಸು ಮುಗಿಸಿದವರು ಬಹಳ, ಜೋಡಿ ಮುಗಿಸಿದವರು ವಿರಳ. ತಿಂಗಳು ಬಿಟ್ಟು ಹೆಣೆದರೆ ಕೈಯ ಬಿಗಿ ಬದಲಾಗಿ ಎರಡನೆಯದರ ಅಳತೆಯೂ ಬದಲಾಗುತ್ತದೆ. ಆದಕಾರಣ ವಾಚಕರು ಮೊದಲನೆಯದರ ಸಾಲುಗಳ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟು, ಎರಡನೆಯದನ್ನು ಅದೇ ವಾರ, ಅದೇ ಕಡ್ಡಿಯಲ್ಲಿ ಶುರು ಮಾಡತಕ್ಕದ್ದು.