ಟವೆಲ್ ಹಾಕಿದ ಐದು ಸೀಟು

1944ರ ಅಕ್ಟೋಬರ್ 9ರ ರಾತ್ರಿ ಮಾಸ್ಕೋದಲ್ಲಿ ಚರ್ಚಿಲ್ ಒಂದು ಅರ್ಧ ಹಾಳೆ ಕಾಗದ ತೆಗೆದುಕೊಂಡು ಲೆಕ್ಕ ಬರೆದರು. ರುಮೇನಿಯಾದಲ್ಲಿ ರಷ್ಯಾಕ್ಕೆ ನೂರಕ್ಕೆ 90. ಗ್ರೀಸಿನಲ್ಲಿ ಬ್ರಿಟನ್ನಿಗೆ 90. ಯುಗೊಸ್ಲಾವಿಯಾ, ಹಂಗೆರಿ ಇಬ್ಬರಿಗೂ ಸಮಪಾಲು. ಬಲ್ಗೇರಿಯಾದಲ್ಲಿ ರಷ್ಯಾಕ್ಕೆ 75. ಮೇಜಿನಾಚೆ ಕೂತಿದ್ದ ಸ್ಟಾಲಿನ್ ನೀಲಿ ಪೆನ್ಸಿಲಿನಿಂದ ದೊಡ್ಡದೊಂದು ಸರಿ ಗುರುತು ಎಳೆದು ಚೀಟಿಯನ್ನು ಇತ್ತ ತಳ್ಳಿದರು. ಅಷ್ಟು ಹೊತ್ತಿಗೆ ಚರ್ಚಿಲ್ಲರಿಗೆ ಎಲ್ಲೋ ಸ್ವಲ್ಪ ನಾಚಿಕೆಯಾಯಿತು. ಲಕ್ಷಗಟ್ಟಲೆ ಜನರ ಹಣೆಬರಹವನ್ನು ಇಷ್ಟು ಸಲೀಸಾಗಿ ಗೀಚಿದೆವೆಂದು ನಾಲ್ಕು ಜನ ಆಡಿಕೊಂಡಾರು, ಈ ಕಾಗದ ಸುಟ್ಟುಬಿಡೋಣವೇ ಎಂದು ಕೇಳಿದರು. ಬೇಡ, ನೀವೇ ಇಟ್ಟುಕೊಳ್ಳಿ ಎಂದರು ಸ್ಟಾಲಿನ್.

ನೂರಕ್ಕೆ ತೊಂಬತ್ತು ಅಂದರೆ ಯಾತರ ತೊಂಬತ್ತು ಎಂದು ಯಾರೂ ಕೇಳಲಿಲ್ಲ. ನೆಲವೋ, ಜನವೋ, ಗೋಧಿಯೋ? ‘ಪ್ರಭಾವ’ವಂತೆ. ಮರುದಿನದಿಂದ ವಿದೇಶಾಂಗ ಮಂತ್ರಿಗಳಾದ ಈಡನ್ ಮತ್ತು ಮೊಲೊಟೊವ್ ಕೂತು ಚೌಕಾಸಿ ಮಾಡಿ ಹಂಗೆರಿಯಲ್ಲಿ ರಷ್ಯಾದ 50ನ್ನು 80ಕ್ಕೆ ಏರಿಸಿದರು. ಹಂಗೆರಿಯವರಿಗೆ ಹೇಳಿಕಳಿಸುವಷ್ಟು ಪುರುಸೊತ್ತು ಇಬ್ಬರಿಗೂ ಇರಲಿಲ್ಲ. ಇದೆಲ್ಲ ಯಾವುದೋ ಶತ್ರು ಹಬ್ಬಿಸಿದ ಗಾಳಿಸುದ್ದಿಯಲ್ಲ. ಚೀಟಿಯ ಕಥೆಯನ್ನು ಚರ್ಚಿಲ್ಲರೇ ತಮ್ಮ ಯುದ್ಧದ ನೆನಪುಗಳಲ್ಲಿ ರಸವತ್ತಾಗಿ ಬರೆದುಕೊಂಡಿದ್ದಾರೆ. 1953ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಬಂತು. ಶಾಂತಿಯದನ್ನು ಕೊಡಲಿಲ್ಲ, ನೊಬೆಲ್‌ನವರ ಪುಣ್ಯ.

ಕೊರಿಯಾದ ವಿಷಯದಲ್ಲಿ ಇಷ್ಟು ದೊಡ್ಡ ಮನುಷ್ಯರೂ ಬೇಕಾಗಲಿಲ್ಲ. 1945ರ ಆಗಸ್ಟ್ 10ರ ನಡುರಾತ್ರಿ ವಾಷಿಂಗ್ಟನ್ನಿನಲ್ಲಿ ಡೀನ್ ರಸ್ಕ್, ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಸೇನಾಧಿಕಾರಿಗಳಿಗೆ ಅರ್ಧ ಗಂಟೆ ಸಮಯ ಕೊಟ್ಟು, ರಷ್ಯನ್ನರು ಎಲ್ಲಿಯವರೆಗೆ ಬರಬಹುದೆಂದು ಗೆರೆ ಹಾಕಿಕೊಡಿ ಎಂದರು. ಕೈಗೆ ಸಿಕ್ಕಿದ್ದು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಒಂದು ನಕಾಶೆ. ಅದರಲ್ಲಿ 38ನೇ ಅಕ್ಷಾಂಶ ಹೇಗೂ ಅಚ್ಚಾಗಿತ್ತು, ಗೆರೆ ಎಳೆಯುವ ಶ್ರಮವೂ ಉಳಿಯಿತು. ಹೀಗೆ ಯುದ್ಧ ಹೂಡಿದ ಜಪಾನು ಹೆಚ್ಚುಕಡಿಮೆ ಇಡಿಯಾಗಿ ಉಳಿದುಕೊಂಡಿತು, ಮೂವತ್ತೈದು ವರ್ಷ ಅದೇ ಜಪಾನಿನ ಕಾಲಡಿ ನರಳಿದ ಕೊರಿಯಾ ಎರಡು ಹೋಳಾಯಿತು. ರಸ್ಕ್ ಮುಂದೆ ಅಮೆರಿಕದ ವಿದೇಶಾಂಗ ಮಂತ್ರಿಯಾದರು. ಭೂಗೋಳದಲ್ಲಿ ಅಷ್ಟು ಆಸಕ್ತಿ ಇದ್ದವರನ್ನು ಬಿಡಲಾದೀತೇ!

ಇವೆಲ್ಲ ಒಳಮನೆಯ ವ್ಯವಹಾರ. ಪಡಸಾಲೆಯಲ್ಲಿ ಲೋಕದ ಮುಂದೆ ಒಂದು ಶಾಸ್ತ್ರ ಆಗಬೇಕಲ್ಲ, ಅದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಯಿತು. 1945ರ ಏಪ್ರಿಲ್ 25ರಿಂದ ಜೂನ್ 26ರವರೆಗೆ ಐವತ್ತು ದೇಶಗಳವರು ಸೇರಿ ವಿಶ್ವಸಂಸ್ಥೆಯ ಸನ್ನದು ಬರೆದರು. ಅದರ ಪೀಠಿಕೆ ತುಂಬ ಚೆನ್ನಾಗಿದೆ. ಮನುಷ್ಯನ ಮೂಲಭೂತ ಹಕ್ಕು, ಘನತೆ, ದೊಡ್ಡ ದೇಶ ಚಿಕ್ಕ ದೇಶಗಳ ಸಮಾನತೆ ಎಲ್ಲ ಅದರಲ್ಲಿ ಬರುತ್ತವೆ. ಮೊದಲ ಕರಡು ಬರೆದ ಮಹಾಶಯರು ಯಾರೆಂದರೆ ಜನರಲ್ ಸ್ಮಟ್ಸ್, ದಕ್ಷಿಣ ಆಫ್ರಿಕಾದ ಪ್ರಧಾನಿ. ಕರಿಯರಿಗೆ ಸರಿಯಾಗಿ ಮತವಿಲ್ಲದ, ಬಿಳಿಯರ ಬೀದಿಯಲ್ಲಿ ಬೇರೆಯವರು ಮನೆ ಕೊಳ್ಳುವಂತಿಲ್ಲದ ದೇಶದ ಪ್ರಧಾನಿ. ಮರುವರ್ಷವೇ ಅವರ ಸರಕಾರ ಅಲ್ಲಿನ ಭಾರತೀಯರ ಜಮೀನಿನ ಹಕ್ಕಿಗೆ ಬೇಲಿ ಹಾಕುವ ಕಾನೂನು ತಂದಿತು. ಆ ದೂರು ಹಿಡಿದು ವಿಜಯಲಕ್ಷ್ಮಿ ಪಂಡಿತ್ ಅದೇ ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಹೋದಾಗ ಸ್ಮಟ್ಸ್ ಸಾಹೇಬರು, ಇದು ನಮ್ಮ ಮನೆಯ ವಿಷಯ, ನೀವು ತಲೆಹಾಕಬೇಡಿ ಎಂದು ವಾದಿಸಿದರು. ಪೀಠಿಕೆ ಬರೆದವರಿಗೆ ಒಳಗಿನ ಪುಟ ಓದುವ ಕಟ್ಟುಪಾಡು ಇರುವುದಿಲ್ಲ.

ಒಳಗಿನ ಪುಟದಲ್ಲಿ ಏನಿತ್ತು? ಭದ್ರತಾ ಮಂಡಳಿಯಲ್ಲಿ ಐದು ಖಾಯಂ ಸೀಟು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ತಿರುವು ತೆಗೆದುಕೊಳ್ಳುತ್ತಿರುವಾಗಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಕಲೆ ಉಂಟಲ್ಲ, ಅದನ್ನು ಅಂತರರಾಷ್ಟ್ರೀಯ ಕಾನೂನಿಗೆ ಏರಿಸಿದ್ದು ಈ ಸನ್ನದಿನ ಸಾಧನೆ. ಅಮೆರಿಕ, ರಷ್ಯಾ, ಬ್ರಿಟನ್ ತಮ್ಮ ತಮ್ಮ ಟವೆಲ್ ತಾವೇ ಹಾಕಿದವು. ಚೀನಾದ ಟವೆಲ್ ರೂಸ್‌ವೆಲ್ಟ್ ಹಾಕಿದರು. ಫ್ರಾನ್ಸಿನದು ಇನ್ನೂ ತಮಾಷೆ. 1940ರಲ್ಲಿ ಆರು ವಾರದಲ್ಲಿ ಮಲಗಿದ ದೇಶ, ಯಾಲ್ಟಾದ ಮಾತುಕತೆಗೆ ಕರೆಯೇ ಇಲ್ಲ, ಆದರೂ ಒಂದು ಸೀಟು ಹಿಡಿದಿಟ್ಟಿತ್ತು. ಕಾರಣ, ಚರ್ಚಿಲ್ಲರಿಗೆ ಯೂರೋಪಿನಲ್ಲಿ ರಷ್ಯಾದ ಜೊತೆ ಒಬ್ಬರೇ ಕೂರಲು ಭಯ. ಸೀಟು ಸಿಕ್ಕಿದ್ದೂ ಅಲ್ಲದೆ, ಈ ಐವರಲ್ಲಿ ಒಬ್ಬರು ಬೇಡವೆಂದರೆ ಬಸ್ಸೇ ಹೊರಡಕೂಡದು ಎಂಬ ನಿಯಮ ಬೇರೆ. ವಿಟೋ.

ಸಣ್ಣ ದೇಶಗಳು ಗಲಾಟೆ ಮಾಡದೆ ಬಿಡಲಿಲ್ಲ. ಆಸ್ಟ್ರೇಲಿಯಾದ ವಿದೇಶಾಂಗ ಮಂತ್ರಿ ಇವಾಟ್ ವಿಟೋ ವಿರುದ್ಧ ವಾರಗಟ್ಟಲೆ ವಾದ ಮಾಡಿದರು. ಆಗ ಅಮೆರಿಕದ ನಿಯೋಗದಲ್ಲಿದ್ದ ಟೆಕ್ಸಸ್ಸಿನ ಸೆನೆಟರ್ ಟಾಮ್ ಕೊನಾಲಿ ಎದ್ದು ನಿಂತು, ವಿಟೋ ಸೋಲಿಸಿದೆವೆಂದು ನಿಮ್ಮೂರಿಗೆ ಹೋಗಿ ಹೇಳಿಕೊಳ್ಳಬಹುದು, ಜೊತೆಗೆ ಸನ್ನದನ್ನೇ ಹರಿದೆವೆಂದೂ ಹೇಳಬೇಕಾಗುತ್ತದೆ ಎಂದು, ಕೈಯಲ್ಲಿದ್ದ ಕರಡನ್ನು ಪರಪರನೆ ಹರಿದು ಮೇಜಿನ ಮೇಲೆ ಚೆಲ್ಲಿದರು. ಎಲ್ಲರಿಗೂ ಅರ್ಥವಾಯಿತು. ದೊಡ್ಡ ದೇಶ ಚಿಕ್ಕ ದೇಶಗಳ ಸಮಾನತೆ ಪೀಠಿಕೆಯಲ್ಲೇ ಸುಖವಾಗಿರಲಿ ಎಂದು ಒಪ್ಪಿ ಕೂತರು.

ಇನ್ನು ನಮ್ಮ ವಿಷಯ. ಭಾರತ ವಿಶ್ವಸಂಸ್ಥೆಯ ಸ್ಥಾಪಕ ಸದಸ್ಯ ಎಂದು ಈಗಲೂ ಎದೆಯುಬ್ಬಿಸಿ ಹೇಳುತ್ತೇವೆ. ನಿಜ. ಒಂದೇ ಸಣ್ಣ ತೊಡಕು, ಆಗ ಅಂಥ ಸ್ವತಂತ್ರ ದೇಶವೇ ಇರಲಿಲ್ಲ. ಸ್ಟಾಲಿನ್ ಈ ಸೂಕ್ಷ್ಮವನ್ನು ಬೇಗ ಹಿಡಿದರು. ಬ್ರಿಟಿಷರಿಗೆ ತಮ್ಮ ಸಾಮ್ರಾಜ್ಯದ ಮಕ್ಕಳಿಗೆಲ್ಲ ಒಂದೊಂದು ಓಟು ಸಿಗುವುದಾದರೆ ನಮ್ಮ ಹದಿನಾರು ಗಣರಾಜ್ಯಗಳಿಗೂ ಒಂದೊಂದು ಬೇಕು ಎಂದು ಪಟ್ಟು ಹಿಡಿದು, ಕೊನೆಗೆ ಉಕ್ರೇನ್ ಮತ್ತು ಬೆಲಾರುಸ್ ಸೇರಿಸಿ ಮೂರಕ್ಕೆ ಸಮಾಧಾನಪಟ್ಟರು. ಸ್ಯಾನ್ ಫ್ರಾನ್ಸಿಸ್ಕೋದ ಸಭೆ ನಡೆಯುತ್ತಿದ್ದಾಗ ನೆಹರೂ ಜೈಲಿನಲ್ಲಿದ್ದರು; ಬಿಡುಗಡೆಯಾದದ್ದು ಜೂನ್ 15ಕ್ಕೆ. ಸನ್ನದಿಗೆ ಸಹಿ ಬಿದ್ದದ್ದು ಜೂನ್ 26ಕ್ಕೆ. ಅವರ ತಂಗಿ ವಿಜಯಲಕ್ಷ್ಮಿ ಪಂಡಿತ್ ಅದೇ ಊರಿಗೆ ಹೋಗಿ, ಒಳಗೆ ಕೂತವರು ನಮ್ಮ ಪ್ರತಿನಿಧಿಗಳಲ್ಲ ಎಂದು ಹೊರಗೆ ನಿಂತು ಸಾರುತ್ತಿದ್ದರು.

ಒಳಗೆ ಕೂತವರ ಮುಂದಾಳು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ವೈಸರಾಯ್ ಮಂಡಳಿಯ ಸದಸ್ಯರು, ಯುದ್ಧಕಾಲದಲ್ಲಿ ಲಂಡನ್ನಿನ ವಾರ್ ಕ್ಯಾಬಿನೆಟ್ಟಿನಲ್ಲೂ ಕೂತುಬಂದವರು. ದಡ್ಡರಲ್ಲ, ಘನ ವಿದ್ವಾಂಸರು, ಒಳ್ಳೆಯ ಮಾತುಗಾರರು. 1946ರ ಜನವರಿಯಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾದರು. ಅದೇ ವರ್ಷ ಮೈಸೂರಿನ ದಿವಾನರೂ ಆದರು. ‘ನಾವು, ಸಂಯುಕ್ತ ರಾಷ್ಟ್ರಗಳ ಜನತೆ’ ಎಂದು ಶುರುವಾಗುವ ಸನ್ನದಿಗೆ ಸಹಿ ಹಾಕಿ ಬಂದವರ ಕೈಗೆ ಒಂದು ಸಂಸ್ಥಾನದ ಜನತೆ ಸಿಕ್ಕಿತು. 1947ರ ಆಗಸ್ಟ್ 15 ಕಳೆದರೂ ಆ ಜನತೆಗೆ ಜವಾಬ್ದಾರಿ ಸರಕಾರ ಸಿಗುವ ಲಕ್ಷಣ ಕಾಣಲಿಲ್ಲ. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಶುರುವಾಯಿತು. ಬೆಂಗಳೂರು, ಮೈಸೂರಿನ ಬೀದಿಗಳಲ್ಲಿ ಹುಡುಗರು ‘ಆರ್ಕಾಟ್ ಬಾಯ್ಕಾಟ್’ ಎಂದು ಕೂಗುತ್ತ ಹೋದರು. ವಿಶ್ವದ ಜನತೆಯ ಪರವಾಗಿ ಮಾತಾಡುವುದು ಸುಲಭ, ಅದು ಎದುರಿಗೆ ಬಂದು ಘೋಷಣೆ ಕೂಗುವುದಿಲ್ಲ. ಲಾಠಿ, ಜೈಲು ಎಲ್ಲ ಆಗಿ ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ದಿವಾನಗಿರಿ ಮಾತ್ರ 1949ರವರೆಗೂ ಇತ್ತು. ನಡುವೆ 1948ರಲ್ಲಿ ಹೈದರಾಬಾದಿನ ತಕರಾರು ಭದ್ರತಾ ಮಂಡಳಿಗೆ ಹೋದಾಗ ಸ್ವತಂತ್ರ ಭಾರತದ ಪರ ವಾದಿಸಲು ಹೊರಟವರು ಯಾರು? ಮೊದಲಿಯಾರರೇ. ಲೋಕವ್ಯವಸ್ಥೆ ತಲೆಕೆಳಗಾದರೂ ಪ್ರಯಾಣಿಕರ ಪಟ್ಟಿ ಅಷ್ಟಾಗಿ ಬದಲಾಗುವುದಿಲ್ಲ.

ಸನ್ನದಿನ ಶಾಯಿ ಒಣಗುವ ಮೊದಲೇ ನಮ್ಮ ಸೈನಿಕರಿಗೂ ಹೊಸ ವ್ಯವಸ್ಥೆಯಲ್ಲಿ ಕೆಲಸ ಸಿಕ್ಕಿತು. 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಹನೋಯ್‌ನಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮಾತುಗಳನ್ನೇ ಹೇಳಿ ವಿಯೆಟ್ನಾಂ ಸ್ವತಂತ್ರವೆಂದು ಸಾರಿದರು. ಪಾಪ, ಅದನ್ನು ಅಮೆರಿಕದವರೂ ನಂಬಿದ್ದಾರೆಂದು ತಿಳಿದಿದ್ದರು. ಅದೇ ತಿಂಗಳು ಬ್ರಿಟಿಷ್ ಜನರಲ್ ಗ್ರೇಸಿಯವರ ನೇತೃತ್ವದಲ್ಲಿ 20ನೇ ಭಾರತೀಯ ಡಿವಿಷನ್ ಸೈಗಾನಿಗೆ ಬಂದಿಳಿಯಿತು. ಜಪಾನೀಯರ ಶಸ್ತ್ರ ಕಸಿಯಬೇಕು ಎಂಬುದು ಆಜ್ಞೆ. ಆದರೆ ಫ್ರೆಂಚರಿಗೆ ಅವರ ವಸಾಹತು ವಾಪಸ್ ಕೊಡಿಸಲು ಕೈಗಳು ಸಾಲದಾದವು. ಆಗ ಸೋತ ಜಪಾನಿ ಸೈನಿಕರ ಕೈಗೇ ಮತ್ತೆ ಬಂದೂಕು ಕೊಟ್ಟು, ಸ್ವಾತಂತ್ರ್ಯ ಕೇಳಿದ ವಿಯೆಟ್ನಾಮಿಗಳ ಮೇಲೆ ಕಾವಲಿಗೆ ನಿಲ್ಲಿಸಿದರು. ಸ್ವಂತ ದೇಶವಿಲ್ಲದ ಭಾರತೀಯ ಸಿಪಾಯಿ, ಸೋತ ಜಪಾನಿ, ಗೆಲ್ಲದೇ ಗೆದ್ದ ಫ್ರೆಂಚ್, ಮೂವರೂ ಹೆಗಲಿಗೆ ಹೆಗಲು ಕೊಟ್ಟು ಫ್ಯಾಸಿಸಂ ವಿರುದ್ಧದ ವಿಜಯವನ್ನು ಕಾಪಾಡಿದರು. ನವೆಂಬರಿನಲ್ಲಿ ಇಂಡೋನೇಷ್ಯಾದ ಸುರಬಾಯಾದಲ್ಲೂ ಬ್ರಿಟಿಷರ ಪರವಾಗಿ ಸತ್ತು ಸಾಯಿಸಿದವರಲ್ಲಿ ಹೆಚ್ಚಿನವರು ನಮ್ಮವರೇ. ಅಲ್ಲಿ ಮನೆಗೆ ಮರಳಬೇಕಾಗಿದ್ದವರು ಡಚ್ಚರು.

ದುಡ್ಡಿನ ಕಡೆಯ ಕಥೆ ಇನ್ನೂ ಸ್ವಾರಸ್ಯ. ಯುದ್ಧಕ್ಕೆಂದು ಬ್ರಿಟನ್ ಭಾರತದಿಂದ ಸಾಮಾನು, ಸೇವೆ ಎಲ್ಲ ಸಾಲದ ಮೇಲೆ ಒಯ್ದು ಚೀಟಿ ಬರೆದುಕೊಟ್ಟಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಅದು ಸುಮಾರು 130 ಕೋಟಿ ಪೌಂಡ್. ಬಂಗಾಳದಲ್ಲಿ ಬರಗಾಲಕ್ಕೆ ಲಕ್ಷಗಟ್ಟಲೆ ಜನ ಸತ್ತ ವರ್ಷಗಳಲ್ಲೇ ನಾವು ಸಾಹುಕಾರರಾದೆವು. 1944ರ ಜುಲೈಯಲ್ಲಿ ಅಮೆರಿಕದ ಬ್ರೆಟನ್‌ವುಡ್ಸ್ ಹೋಟೆಲಿನಲ್ಲಿ 44 ದೇಶಗಳು ಸೇರಿ ಐಎಂಎಫ್, ವಿಶ್ವಬ್ಯಾಂಕ್ ಕಟ್ಟುತ್ತಿದ್ದಾಗ ನಮ್ಮ ನಿಯೋಗದ ಎ.ಡಿ. ಶ್ರಾಫ್ ಎದ್ದು, ಬ್ಯಾಂಕಿನಲ್ಲಿ ಹತ್ತು ಲಕ್ಷ ಡಾಲರ್ ಇದ್ದೂ ಟ್ಯಾಕ್ಸಿಗೆ ಕೊಡಲು ಚಿಲ್ಲರೆ ಇಲ್ಲದವನ ಸ್ಥಿತಿ ನಮ್ಮದಾಗಿದೆ, ಈ ಬಾಕಿಯ ಬಗ್ಗೆಯೂ ಏನಾದರೂ ಮಾಡಿ ಎಂದು ಕೇಳಿದರು. ಬ್ರಿಟಿಷ್ ನಿಯೋಗದ ಕೇನ್ಸ್ ಮಹಾಶಯರು ಭಾರತದ ಔದಾರ್ಯವನ್ನು ಹೊಗಳಿ, ಇದು ನಮ್ಮ ನಿಮ್ಮ ನಡುವಿನ ವಿಷಯ, ಲೋಕಕ್ಕೆ ಯಾಕೆ ಎಂದರು. ಚರ್ಚಿಲ್ಲರಿಗಂತೂ ಜಪಾನಿನಿಂದ ನಿಮ್ಮನ್ನು ಕಾಪಾಡಿದ ಕೂಲಿ ಅಂತ ಒಂದು ಎದುರು ಬಿಲ್ಲು ಕಳಿಸುವ ಆಸೆಯಿತ್ತು.

ಈ ಹೊಸ ವ್ಯವಸ್ಥೆಗೆ ನ್ಯೂಯಾರ್ಕಿನಲ್ಲಿ ಜಾಗ ಕೊಡಿಸಿದವರು ರಾಕ್‌ಫೆಲರ್, 85 ಲಕ್ಷ ಡಾಲರ್ ಕೊಟ್ಟು. ಮೊದಲು ಅಲ್ಲಿ ಕಸಾಯಿಖಾನೆಗಳಿದ್ದವು. ಇದಕ್ಕೆ ನಾನು ಏನೂ ಸೇರಿಸುವುದಿಲ್ಲ.

ಎಂಬತ್ತು ವರ್ಷವಾಯಿತು. ಸನ್ನದಿನ 23ನೇ ವಿಧಿ ತೆರೆದು ನೋಡಿ, ಖಾಯಂ ಸದಸ್ಯರಲ್ಲಿ ಸೋವಿಯತ್ ಒಕ್ಕೂಟ ಈಗಲೂ ಇದೆ. ಅದು 1991ರಲ್ಲೇ ತೀರಿಹೋಯಿತು. ಡಿಸೆಂಬರ್ ಕೊನೆಯಲ್ಲಿ ಯೆಲ್ಟ್ಸಿನ್ ಒಂದು ಪತ್ರ ಬರೆದರು, ರಷ್ಯಾ ಬಂದು ಆ ಸೀಟಿನಲ್ಲಿ ಕೂತಿತು, ಓಟು ಗೀಟು ಏನೂ ಇಲ್ಲ. ಚೀನಾ ಗಣರಾಜ್ಯವೂ ಇದೆ. ತೈವಾನಿನಲ್ಲಿ ಕೂತ ಆ ಸರಕಾರವನ್ನು 1971ರಲ್ಲೇ ಇಳಿಸಿ ಬೀಜಿಂಗ್‌ನವರನ್ನು ಕೂರಿಸಿಯಾಗಿದೆ. ಹಾಗೆಯೇ 53 ಮತ್ತು 107ನೇ ವಿಧಿಗಳಲ್ಲಿ ‘ಶತ್ರು ದೇಶ’ಗಳ ಪ್ರಸ್ತಾಪ ಹಾಗೇ ಉಳಿದಿದೆ. ಸಂಸ್ಥೆಗೆ ಅತಿ ಹೆಚ್ಚು ವಂತಿಗೆ ಕಟ್ಟುವವರ ಸಾಲಿನಲ್ಲಿರುವ ಜಪಾನು, ಜರ್ಮನಿ ಕಾಗದದ ಮೇಲೆ ಇನ್ನೂ ವೈರಿಗಳು. 2005ರಲ್ಲಿ ಜಗತ್ತಿನ ನಾಯಕರೆಲ್ಲ ಸೇರಿ ಆ ಮಾತುಗಳನ್ನು ತೆಗೆಯೋಣವೆಂದು ನಿರ್ಣಯಿಸಿದರು. ಆಮೇಲೆ ಊಟಕ್ಕೆ ಎದ್ದರು ಅಂತ ಕಾಣುತ್ತದೆ.

ನಾವು ಇದನ್ನೆಲ್ಲ ನೋಡಿ ಬೈದದ್ದು ಕಡಿಮೆಯಲ್ಲ. ವಿಟೋ ಪ್ರಜಾಪ್ರಭುತ್ವಕ್ಕೆ ವಿರುದ್ಧ, 1945ರ ಕನ್ನಡಕದಲ್ಲಿ ಇವತ್ತಿನ ಲೋಕ ನೋಡಬಾರದು, ಈ ಅನ್ಯಾಯ ಕೊನೆಯಾಗಬೇಕು, ಆದ್ದರಿಂದ ನಮಗೂ ಒಂದು ಕೊಡಿ. 2005ರಲ್ಲಿ ಬ್ರೆಜಿಲ್, ಜರ್ಮನಿ, ಜಪಾನ್ ಜೊತೆ ಸೇರಿ ಅರ್ಜಿ ಹಾಕಿದೆವು. ಸೀಟು ಕೊಟ್ಟರೆ ಹದಿನೈದು ವರ್ಷ ವಿಟೋ ಮುಟ್ಟುವುದಿಲ್ಲ ಎಂಬ ಮಾತೂ ಅದರಲ್ಲಿತ್ತು. ಆವತ್ತು ಒಪ್ಪಿದ್ದರೆ 2020ಕ್ಕೆ ಪ್ರೊಬೇಷನ್ ಮುಗಿದು, ಬೇರೆಯವರ ನ್ಯಾಯಕ್ಕೆ ನಾವೂ ಅಡ್ಡಗಾಲು ಹಾಕುವ ಸೌಭಾಗ್ಯ ಬರುತ್ತಿತ್ತು. ಇಟಲಿ, ಪಾಕಿಸ್ತಾನದಂಥವರು ಕಾಫಿ ಕ್ಲಬ್ ಮಾಡಿಕೊಂಡು ತಡೆದರು. ಸುಧಾರಣೆಯ ಚರ್ಚೆಗೆಂದೇ 1993ರಿಂದ ಒಂದು ಕಾರ್ಯತಂಡ ಇದೆ. ಅದು ಸೇರುತ್ತದೆ, ಏಳುತ್ತದೆ. ಐವರಲ್ಲಿ ನಾಲ್ವರು ದಿಲ್ಲಿಗೆ ಬಂದಾಗಲೆಲ್ಲ ಭಾರತಕ್ಕೆ ಖಾಯಂ ಸ್ಥಾನ ಸಿಗಲೇಬೇಕೆಂದು ಘೋಷಿಸಿ, ವಿಮಾನದ ಇಲ್ಲವೇ ಅಣುಸ್ಥಾವರದ ಆರ್ಡರ್ ಕೇಳಿ ಹೋಗುತ್ತಾರೆ. ಐದನೆಯವರು ಬೇಡ ಅನ್ನುವುದಿಲ್ಲ, ಹೂಂ ಅನ್ನುವುದೂ ಇಲ್ಲ. ಸನ್ನದು ತಿದ್ದಲು ಮೂರನೇ ಎರಡು ಭಾಗ ಸದಸ್ಯರ ಒಪ್ಪಿಗೆ ಬೇಕು, ಅದರಲ್ಲಿ ಈ ಐವರದೂ ಇರಲೇಬೇಕು. ಅಂದಹಾಗೆ ಆ 108ನೇ ವಿಧಿಯ ಕೆಳಗೂ ಭಾರತದ ಪರವಾಗಿ ಸಹಿ ಇದೆ, ಮುಂದೆ ಮೈಸೂರಿನ ದಿವಾನರಾದವರದ್ದು.