ಹದಿಹರೆಯದ ಮನಸ್ಸನ್ನು ಅಳೆಯುವ ವಿಧಾನ: ಬಳಕೆದಾರರ ಕೈಪಿಡಿ

ಬಳಸುವ ಮುನ್ನ ಪೂರ್ತಿ ಓದಿ ಎಂದು ಮೊದಲ ಸಾಲಿನಲ್ಲಿ ಬರೆಯುವುದು ವಾಡಿಕೆ. ಮಿಕ್ಸಿಯ ಜೊತೆ ಬಂದ ಪುಸ್ತಕವನ್ನು ಯಾರೂ ಓದಿಲ್ಲ. ಇದೂ ವಾರಂಟಿ ಕಾರ್ಡಿನ ಜೊತೆ ಬೀರು ಸೇರುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಬೇಕಾಗುವ ಸಾಮಾನು: ಒಂದು ಹೈಸ್ಕೂಲು, ಒಬ್ಬ ಸಂಶೋಧನಾ ಗೈಡ್, ಎರಡು ರೀಮು ಕಾಗದ, ಒಂದು ತೀರ್ಮಾನ. ತೀರ್ಮಾನವನ್ನು ಮೊದಲೇ ತೆಗೆದಿಟ್ಟುಕೊಳ್ಳಿ, ಕೊನೆಯಲ್ಲಿ ಹುಡುಕಹೊರಟರೆ ಕೈಗೆ ಸಿಗುವುದಿಲ್ಲ. ‘ಮೊಬೈಲಿನಿಂದ ಮಕ್ಕಳು ಕೆಟ್ಟರು’ ಎಂಬುದು ಎಲ್ಲೆಡೆ ಸಿಗುವ ಮಾಲು. ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ಪಕ್ಕದ ಎಲೆಯವರೇ ಬಡಿಸುತ್ತಾರೆ, ಒಂದು ಕಣ್ಣನ್ನು ತಮ್ಮ ವಾಟ್ಸಾಪಿನ ಮೇಲಿಟ್ಟುಕೊಂಡೇ. ಫಾರಿನ್ ಮಾಲೇ ಬೇಕಿದ್ದರೆ ಅಮೆರಿಕದ ಜೊನಾಥನ್ ಹೈಟ್ 2024ರಲ್ಲಿ ಬರೆದ ‘ದಿ ಆಂಕ್ಷಿಯಸ್ ಜನರೇಷನ್’ ತರಿಸಿಕೊಳ್ಳಿ. ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಕ್ಯಾಂಡಿಸ್ ಆಡ್ಜರ್ಸ್ ಎಂಬ ಮನೋವಿಜ್ಞಾನಿ, ಅಷ್ಟು ಭಾರದ ಮಾತನ್ನು ಹೊರುವ ಪುರಾವೆ ಇಲ್ಲ ಎಂದು ಆ ಪುಸ್ತಕವನ್ನು ಜಾಡಿಸಿದ್ದಾರೆ. ಅದನ್ನು ಓದಬೇಡಿ. ಓದಿದರೆ ಸಿನಾಪ್ಸಿಸ್ ತಿದ್ದಬೇಕಾಗುತ್ತದೆ.

ಆಮೇಲೆ ಒಪ್ಪಿಗೆ ಪತ್ರ. ಅಪ್ಪ ಅಮ್ಮ ಸಹಿ ಹಾಕಿದರೆ ಸಾಲದು, ಮಗುವಿನ ಸಮ್ಮತಿಯನ್ನೂ ಕೇಳಬೇಕು ಎನ್ನುತ್ತದೆ ಐಸಿಎಂಆರ್‌ನ 2017ರ ಮಾರ್ಗಸೂಚಿ. ಚಿಂತೆ ಬೇಡ. ನಾನು ಹೋದ ಒಂದು ಶಾಲೆಯಲ್ಲಿ ನಲವತ್ತು ಪತ್ರ ಹಂಚಿದ ಮರುದಿನವೇ ನಲವತ್ತೂ ವಾಪಸು ಬಂದವು. ಅದರಲ್ಲಿ ಆರು ಅಪ್ಪಂದಿರ ಸಹಿ ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಓರೆಯಲ್ಲಿದ್ದವು. ಪ್ರೋಗ್ರೆಸ್ ಕಾರ್ಡಿನ ದಿನಗಳಿಂದ ಪಳಗಿದ ಕೈ ಇರಬೇಕು.

ಈಗ ಹೊತ್ತು ಅಳೆಯಿರಿ. ‘ದಿನಕ್ಕೆ ಎಷ್ಟು ಗಂಟೆ ಸೋಶಿಯಲ್ ಮೀಡಿಯಾ ನೋಡುತ್ತೀಯ?’ ಎಂದು ಕೇಳುವಾಗ ಕ್ಲಾಸ್ ಟೀಚರ್ ಪಕ್ಕದಲ್ಲೇ ನಿಂತಿರಲಿ. ‘ಅರ್ಧ ಗಂಟೆ ಮಿಸ್’ ಎಂಬ ಉತ್ತರ ಬರುತ್ತದೆ. ಮಕ್ಕಳು ಸುಳ್ಳು ಹೇಳುತ್ತಾರೆ ಎನ್ನುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ. ನನ್ನದು ಒಂದು ಗಂಟೆ ಎಂದುಕೊಂಡಿದ್ದೆ. ಸೆಟ್ಟಿಂಗ್ಸ್ ತೆರೆದರೆ ಫೋನು ಮೂರು ಗಂಟೆ ನಲವತ್ತು ನಿಮಿಷ ಎಂದು ಮುಖಕ್ಕೆ ಹೊಡೆದ ಹಾಗೆ ತೋರಿಸಿತು. ಜನ ಹೇಳುವ ಹೊತ್ತನ್ನೂ ಯಂತ್ರ ದಾಖಲಿಸಿದ ಹೊತ್ತನ್ನೂ ಹೋಲಿಸಿದ ಹತ್ತಾರು ಅಧ್ಯಯನಗಳನ್ನು 2021ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಎರಡಕ್ಕೂ ತಾಳಮೇಳ ಅಷ್ಟಕ್ಕಷ್ಟೇ ಎಂದು ಗೊತ್ತಾಯಿತು. ಹಾಗಿದ್ದೂ ಹೊತ್ತನ್ನೇ ಕೇಳುತ್ತೇವೆ, ಯಾಕೆಂದರೆ ಅದು ಎಕ್ಸೆಲ್ ಶೀಟಿನಲ್ಲಿ ಚೆನ್ನಾಗಿ ಕೂರುತ್ತದೆ. ನಿನ್ನೆ ರಾತ್ರಿ ಒಬ್ಬ ಗಣಿತದ ಪಾಠ ನೋಡಿದ. ಒಬ್ಬಳು ಮೆಹಂದಿ ಡಿಸೈನ್ ನೋಡಿದಳು. ಇನ್ನೊಬ್ಬಳು, ಗ್ರೂಪಿನಿಂದ ತನ್ನನ್ನು ತೆಗೆದುಹಾಕಿದ ಗೆಳತಿಯರ ಸ್ಟೇಟಸ್ಸನ್ನು ಹೊದಿಕೆಯೊಳಗೆ ಮತ್ತೆ ಮತ್ತೆ ತೆರೆದಳು. ಮೂವರದೂ ಎರಡೆರಡು ಗಂಟೆ. ಶೀಟಿನಲ್ಲಿ ಮೂವರೂ ಒಂದೇ.

ಮನಸ್ಸು ಅಳೆಯಲು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಉಂಟು. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಕನ್ನಡಕ್ಕೆ ತರುವಾಗ ‘ಖಿನ್ನತೆ’ ಎಂದು ಬರೆದರೆ ಎಂಟನೇ ಕ್ಲಾಸಿನ ಹುಡುಗ ಅದನ್ನು ಪದಕೋಶದ ಪ್ರಶ್ನೆ ಎಂದುಕೊಳ್ಳುತ್ತಾನೆ. ಅವನ ಹತ್ತಿರ ಇರುವುದು ಒಂದೇ ಪದ, ಬೇಜಾರು. ಮಳೆ ಬಂದು ಆಟ ನಿಂತರೆ ಬೇಜಾರು, ಅಜ್ಜಿ ಸತ್ತರೂ ಬೇಜಾರು. ‘ಬೇಜಾರು ಮಾಡ್ಕೋಬೇಡ ಕಣೋ’ ಎಂದರೆ ಕ್ಷಮೆ ಕೇಳಿದ ಹಾಗೆ. ಧಾರವಾಡದ ಕಡೆ ಹೋದರೆ ಅದೇ ‘ಬ್ಯಾಸರ’ ಆಗಿ ಇನ್ನೊಂದಿಷ್ಟು ಅರ್ಥ ಹೊತ್ತುಕೊಳ್ಳುತ್ತದೆ. ಯಾವ ಬೇಜಾರಪ್ಪ ನಿಂದು ಎಂದು ಕೂತು ಕೇಳಲು ಒಂದು ಪೀರಿಯಡ್ ಸಾಲುವುದಿಲ್ಲ. ಹಾಗಾಗಿ 2 ಅಂಕ ಹಾಕಿ ಮುಂದೆ ಹೋಗಿ.

ಒಂಬತ್ತನೇ ಪ್ರಶ್ನೆಯ ಹತ್ತಿರ ಮಾತ್ರ ತಮಾಷೆ ನಿಲ್ಲಿಸುತ್ತೇನೆ. ಅದು ಸಾಯುವ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ ಕೇಳುತ್ತದೆ. ತುಂಬಿದ ಹಾಳೆಗಳನ್ನು ಅದೇ ದಿನ ಓದುವವರಿಲ್ಲದೆ, ಮಗುವನ್ನು ಕೂರಿಸಿ ಮಾತಾಡಿಸಲು ತಿಳಿದವರಿಲ್ಲದೆ ಆ ಹಾಳೆ ಹಂಚಬೇಡಿ. ನಿಮ್ಹಾನ್ಸ್ ಬೆನ್ನಿಗಿರುವ ಟೆಲಿ ಮಾನಸ್ ಸಹಾಯವಾಣಿ 2022ರಿಂದ ನಡೆಯುತ್ತಿದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಬೋರ್ಡಿನ ಮೇಲೆ ಬರೆದೇ ಹೊರಡಿ. ಉತ್ತರ ಪತ್ರಿಕೆಯ ಕಟ್ಟು ಗೈಡಿನ ಟೇಬಲಿನ ಮೇಲೆ ಆರು ತಿಂಗಳು ಧೂಳು ತಿಂದದ್ದನ್ನು ಕಂಡಿದ್ದೇನೆ.

ಇನ್ನು ಲೆಕ್ಕಾಚಾರ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆಯನ್ನು ತಾತ್ಕಾಲಿಕವಾಗಿ ಮರೆಯಿರಿ. ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ಶಿಬಿಲ್ಸ್‌ಕಿ 2019ರಲ್ಲಿ ಬ್ರಿಟನ್ ಮತ್ತು ಅಮೆರಿಕದ 3,55,358 ಹದಿಹರೆಯದವರ ಅಂಕಿಅಂಶ ಹಿಡಿದು ಕೂತರು. ಒಂದೇ ಅಂಕಿಅಂಶವನ್ನು ಸಾವಿರಾರು ಬಗೆಯಲ್ಲಿ ಕೂಡಿ ಕಳೆಯಬಹುದು, ಬಗೆಗೊಂದು ಉತ್ತರ. ಅವರು ಆ ಬಗೆಗಳನ್ನೆಲ್ಲ ಸಾಲಾಗಿ ಹರವಿ ತೋರಿಸಿಬಿಟ್ಟರು. ಡಿಜಿಟಲ್ ಬಳಕೆಗೂ ನೆಮ್ಮದಿ ಕುಗ್ಗುವುದಕ್ಕೂ ನಂಟಿದೆ, ಆದರೆ ಮಕ್ಕಳ ನೆಮ್ಮದಿಯ ಏರುಪೇರಿನಲ್ಲಿ ಅದರ ಪಾಲು ಹೆಚ್ಚೆಂದರೆ ಶೇ. 0.4. ಆಲೂಗಡ್ಡೆ ತಿನ್ನುವುದರ ನಂಟೂ ಹೆಚ್ಚೂಕಡಿಮೆ ಅಷ್ಟೇ, ಕನ್ನಡಕ ಹಾಕುವುದರ ನಂಟು ಅದಕ್ಕಿಂತ ಕೆಟ್ಟದ್ದು. ನೀವು ಹಾಗೆಲ್ಲ ಹರವಬೇಡಿ. ಸಾವಿರದಲ್ಲಿ ಇಷ್ಟವಾದ ಒಂದನ್ನು ಆರಿಸಿ ಉಳಿದದ್ದನ್ನು ಮುಚ್ಚಿಡಿ.

ಹಾಗೆಂದು ಆಲೂಗಡ್ಡೆ ತೋರಿಸಿ ಇನ್‌ಸ್ಟಾಗ್ರಾಂ ನಿರುಪದ್ರವಿ ಎನ್ನುವವರೂ ಈ ಕೈಪಿಡಿಯ ಗ್ರಾಹಕರೇ. ಸರಾಸರಿ ಎಂಬುದು ಆ ಹೊದಿಕೆಯೊಳಗಿನ ಹುಡುಗಿಯನ್ನು ಮೆಹಂದಿಯವಳ ಜೊತೆ ಸೇರಿಸಿ ರುಬ್ಬುವ ಕಲ್ಲು. 2021ರಲ್ಲಿ ಮಾಜಿ ಉದ್ಯೋಗಿ ಫ್ರಾನ್ಸಸ್ ಹೌಗನ್ ಹೊರಗೆ ತಂದ ಫೇಸ್‌ಬುಕ್ ಕಂಪನಿಯ ಕಡತಗಳಲ್ಲಿ ಬೇರೆಯದೇ ಪ್ರಶ್ನೆಯಿತ್ತು. ಮೈಕಟ್ಟಿನ ಬಗ್ಗೆ ಮೊದಲೇ ಕೊರಗುತ್ತಿದ್ದ ಹುಡುಗಿಯರನ್ನು ಕೇಳಿದಾಗ, ಮೂವರಲ್ಲಿ ಒಬ್ಬಳ ಕೊರಗನ್ನು ಇನ್‌ಸ್ಟಾಗ್ರಾಂ ಹೆಚ್ಚಿಸಿತ್ತು. ಯಾರು, ಯಾವಾಗ, ಏನು ನೋಡಿ ಎಷ್ಟು ಹೊತ್ತು ನಿಂತರು ಎಂಬ ಲೆಕ್ಕವೆಲ್ಲ ಕಂಪನಿಯ ಗೋದಾಮಿನಲ್ಲಿದೆ. ನಮ್ಮ ಕೈಯಲ್ಲಿರುವುದು ಜೆರಾಕ್ಸ್ ಹಾಳೆ. ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರಲ್ಲಿ, ಸೋಶಿಯಲ್ ಮೀಡಿಯಾ ಮಕ್ಕಳಿಗೆ ಸುರಕ್ಷಿತ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಎಚ್ಚರಿಸಿದರು. ಮರುವರ್ಷ ಸಿಗರೇಟಿನ ಪ್ಯಾಕಿನ ಮೇಲಿನಂಥ ಎಚ್ಚರಿಕೆ ಬೇಕೆಂದರು. ಹಾನಿ ಇದೆಯೆಂದು ನೀವು ಸಾಬೀತು ಮಾಡಿ ಎನ್ನುವುದಕ್ಕೂ, ಇಲ್ಲವೆಂದು ಮಾರುವವನು ಸಾಬೀತು ಮಾಡಲಿ ಎನ್ನುವುದಕ್ಕೂ ಇರುವ ದೂರವನ್ನು ಯಾವ ಪ್ರಶ್ನಾವಳಿಯೂ ಅಳೆಯುವುದಿಲ್ಲ. ನನಗೆ ಎರಡನೆಯದೇ ನ್ಯಾಯ ಅನಿಸುತ್ತದೆ.

ನಮ್ಮ ದೇಶಕ್ಕೆ ಒಂದು ಒಳ್ಳೆಯ ಪ್ರಯೋಗ ತಾನಾಗಿ ಒದಗಿತ್ತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಒಂದೇ ಏಟಿಗೆ ಕೋಟಿಗಟ್ಟಲೆ ಜನರ ಕೈಯಿಂದ ಆ ಆಟ ಹೋಯಿತು. ಮೊದಲು ಹೇಗಿದ್ದರು, ಆಮೇಲೆ ಹೇಗಾದರು ಎಂದು ನೋಡಬಹುದಿತ್ತು. ಆದರೆ ಆಗ ಕೋವಿಡ್, ಶಾಲೆಗೆ ಬೀಗ, ಮನೆಯಲ್ಲಿ ಅಪ್ಪನಿಗೆ ಕೆಲಸವಿಲ್ಲ. ಕಾಗೆ ಎದ್ದುಹೋದ ಹೊತ್ತಿಗೇ ಬಿರುಗಾಳಿ ಬೀಸಿತು.

ದೋಷ ನಿವಾರಣೆ. ಕೆಲವು ಉತ್ತರ ನಿಮ್ಮ ಕಾಲಂಗೆ ಹೊಂದುವುದಿಲ್ಲ. ಹಳ್ಳಿಗಾಡಿನ 14ರಿಂದ 18 ವಯಸ್ಸಿನವರ ಬಗೆಗಿನ 2023ರ ‘ಅಸರ್’ ವರದಿಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ. 43.7 ಮಂದಿಗೆ ಸ್ವಂತ ಫೋನಿದೆ, ಹುಡುಗಿಯರಲ್ಲಿ ಶೇ. 19.8 ಮಂದಿಗೆ. ನನ್ನ ಕಟ್ಟಿನಲ್ಲಿ ಒಬ್ಬಳು ಗಂಟೆಯ ಕಾಲಂ ಖಾಲಿ ಬಿಟ್ಟು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಳು: ‘ಅಪ್ಪ ಮಲಗಿದ ಮೇಲೆ. ಅಪ್ಪ ಎದ್ದರೆ ಇಲ್ಲ.’

ಇಂಥದ್ದು ಬಂದರೆ ಸೊನ್ನೆ ಎಂದು ತುಂಬಿಕೊಳ್ಳಿ.